ಕಾರ್ಡಿನ ಹಿಂಬದಿ

ದಿಜೋನ್, 9 ಸೆಪ್ಟೆಂಬರ್ 1992

ಪ್ರಿಯ ಶ್ರೀಮತಿ ಹ್ರಡಿಲೋವಾ,

ಊರಿಗೆ ಮರಳಿ ಎರಡು ವಾರವಾದರೂ ಮನಸ್ಸು ಇನ್ನೂ ರೊಹೊವೀನ್ ಅರಮನೆಯ ಗ್ರಂಥಾಲಯದಲ್ಲೇ ಇದೆ. ಆಗಸ್ಟಿನ ಆ ಉರಿಬಿಸಿಲಿನಲ್ಲಿ ನಿಮ್ಮ ದಪ್ಪ ಗೋಡೆಗಳ ತಂಪಿನಷ್ಟು ಸುಖ ಬೇರೆಲ್ಲೂ ಇರಲಿಲ್ಲ. ವರ್ಷಪೂರ್ತಿ ಅಲ್ಲೇ ಕೆಲಸ ಮಾಡುವ ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಹನ್ನೊಂದು ವರ್ಷದಿಂದ ನಾನು ಪಾದ್ರಿ ಕೊರ್ದೆಲ್ ಅವರ ಬೆನ್ನು ಹತ್ತಿದ್ದೇನೆ. ನಮ್ಮ ಬರ್ಗಂಡಿಯ ವಿಲೆರ್ಸೋ ಎಂಬ ಹಳ್ಳಿಯಿಂದ ಹೊರಟು, ಇನ್ನೂರು ವರ್ಷದ ಹಿಂದೆ ನಿಮ್ಮ ಅರಮನೆಯ ದೊರೆ ಕೌಂಟನ ಇಬ್ಬರು ಹೆಣ್ಣುಮಕ್ಕಳಿಗೆ ಫ್ರೆಂಚ್ ಕಲಿಸಲು ಬಂದ ಈ ಮನೆಮೇಷ್ಟರ ಬಗ್ಗೆ ಇದ್ದದ್ದು ಅಚ್ಚಾದ ಏಳೆಂಟು ಪತ್ರ ಮಾತ್ರ. ಮೂಲ ಉಳಿದಿಲ್ಲ, ಅವರ ಕೈಬರಹವನ್ನು ಕಂಡವರೂ ಇಲ್ಲ. ಈಗ ನಿಮ್ಮ ಕಪಾಟಿನಲ್ಲಿ ಅವರ ದಿನಚರಿಯೇ ಸಿಕ್ಕಿದೆ: ದಿನದ ಪಾಠ, ಮಕ್ಕಳ ತಪ್ಪು, ಅಳು, ನಗು. 'ಪಾದ್ರಿಗಳು ಇಂದು ಬಹಳ ಕೆಮ್ಮಿದರು' ಎಂದು ತಮ್ಮ ಬಗ್ಗೆಯೇ ಹೊರಗಿನವರಂತೆ ಬರೆದುಕೊಳ್ಳುತ್ತಾರೆ. ಹಳೆಯ ಕಾಲದ ವಿನಯ ಅಂದರೆ ಅದು. ಗ್ರಂಥಾಲಯದ ಪಟ್ಟಿಗಾಗಿ ನೀವು ಬರೆದಿಟ್ಟ ಕಾರ್ಡಿನಲ್ಲಿ 'ಬರೆದವರು' ಎಂಬ ಜಾಗದಲ್ಲಿ ಬರೀ ಒಂದು ಗೆರೆ ಎಳೆದಿದ್ದೀರಿ. ಆ ಗೆರೆಯನ್ನು ತುಂಬುವ ಭಾಗ್ಯ ನನ್ನದಾಯಿತು.

ಫ್ರಾನ್ಸ್ ಮತ್ತು ಚೆಕ್ ವಿದ್ವಾಂಸರ ವಿನಿಮಯದ ಒಪ್ಪಂದಕ್ಕೆ ಸಹಿ ಬಿದ್ದಿದೆ. ಹೆಸರುಗಳ ಪಟ್ಟಿ ಇದರೊಂದಿಗಿದೆ. ಸಂಶೋಧಕ: ನಾನು. ತಾಂತ್ರಿಕ ನೆರವು: ನೀವು. ದಯವಿಟ್ಟು ದಿನಚರಿಯ ಅಳತೆ ಮತ್ತು ಯಾವ ಯಾವ ತಿಂಗಳ ಬರಹವಿದೆ ಎಂಬ ಪಟ್ಟಿ ಕಳಿಸಿಕೊಡಿ. ನಿಮ್ಮ ನಾಲ್ಕು ಸಾವಿರ ಕಾರ್ಡುಗಳನ್ನೂ ಫೋಟೊಕಾಪಿ ಮಾಡಿಕೊಂಡು ಬಂದಿರುವುದರಿಂದ ಉಳಿದದ್ದಕ್ಕೆ ನಿಮಗೆ ತೊಂದರೆ ಕೊಡುವುದಿಲ್ಲ.

ಅಂದ ಹಾಗೆ, ನಿಮ್ಮ ಫ್ರೆಂಚ್ ಕೇಳಿ ನಿಜಕ್ಕೂ ಬೆರಗಾದೆ. ಎಲ್ಲಿ ಕಲಿತಿರಿ?

ರೇಜಿಸ್ ವೋಕ್ಲೇರ್


ರೊಹೊವೀನ್, 2 ಅಕ್ಟೋಬರ್ 1992

ಮಾನ್ಯ ಪ್ರೊಫೆಸರ್ ವೋಕ್ಲೇರ್ ಅವರಿಗೆ,

ನೀವು ಕೇಳಿದ ವಿವರ ಹೀಗಿದೆ.

ಎತ್ತರ 16.2 ಸೆಂಟಿಮೀಟರ್, ಅಗಲ 9.8. ಏಪ್ರನ್ನಿನ ಜೇಬಿನಲ್ಲಿ ಹಿಡಿಸುವ ಗಾತ್ರ. 214 ಪುಟ. ಎಲ್ಲವೂ ಪೆನ್ಸಿಲ್ ಬರಹ, ಶಾಯಿ ಎಲ್ಲೂ ಇಲ್ಲ. 1782ರಿಂದ 1789ರವರೆಗೆ, ಪ್ರತಿವರ್ಷ ಅಕ್ಟೋಬರ್ ನಡುವಿನಿಂದ ಏಪ್ರಿಲ್ ಕೊನೆಯವರೆಗೆ ಬರಹವಿದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಯಾವ ವರ್ಷವೂ ಒಂದು ಸಾಲೂ ಇಲ್ಲ. ಹಾಳೆ ಹರಿದ ಗುರುತಿಲ್ಲ.

ಫ್ರೆಂಚ್ ಎಲ್ಲಿ ಕಲಿತೆ ಎಂದು ಕೇಳಿದ್ದೀರಿ. ಅದು ತಾಂತ್ರಿಕ ನೆರವಿನೊಳಗೆ ಬರುವುದಿಲ್ಲ.

ಈ ಪುಸ್ತಕದ ಬಗ್ಗೆ ನನಗೆ ಗೊತ್ತಿರುವುದೆಲ್ಲ 1979ರಿಂದ ಕಾರ್ಡಿನಲ್ಲಿದೆ.

ಕ್ವೇತಾ ಹ್ರಡಿಲೋವಾ
ತಾಂತ್ರಿಕ ನೆರವು


ದಿಜೋನ್, 25 ಅಕ್ಟೋಬರ್ 1992

ಪ್ರಿಯ ಶ್ರೀಮತಿ ಹ್ರಡಿಲೋವಾ,

ಎಂಥ ಅಚ್ಚುಕಟ್ಟು. ದಶಾಂಶ ಸಮೇತ ಅಳತೆ ಕೊಡುವ ಸಹಾಯಕರು ನಮ್ಮಲ್ಲಿ ಇಲ್ಲವೇ ಇಲ್ಲ. ನಿಮ್ಮ ಪತ್ರವನ್ನು ನನ್ನ ವಿದ್ಯಾರ್ಥಿಗಳಿಗೆಲ್ಲ ತೋರಿಸಿದೆ.

ಬೇಸಿಗೆಯ ಮೌನಕ್ಕೆ ಕಾರಣ ಸರಳ. ಕೌಂಟನ ಕುಟುಂಬ ಬೇಸಿಗೆಗೆ ವಿಯೆನ್ನಾಕ್ಕೆ ಹೋಗುತ್ತಿದ್ದಿರಬೇಕು, ಮೇಷ್ಟರಿಗೆ ರಜೆ. ನಾನೂ ರಜೆಯಲ್ಲಿ ಒಂದಕ್ಷರ ಬರೆಯುವವನಲ್ಲ.

ಇನ್ನೆರಡು ಸಣ್ಣ ಕೆಲಸ. ಪುಟಗಳ ಮೂಲೆಯಲ್ಲಿ ಕಪ್ಪು ಕಲೆಗಳಿದ್ದವು. ಅವು ಏನು, ಎಷ್ಟು? ಇನ್ನೊಂದು, ಮಕ್ಕಳ ಮತ್ತು ಕೌಂಟನ ಹೆಂಡತಿಯ ಉಡುಪಿನ ವರ್ಣನೆ ಎಲ್ಲೆಲ್ಲಿದೆ, ಯಾವ ಬಣ್ಣಗಳ ಹೆಸರಿದೆ ಎಂದು ಪಟ್ಟಿ ಮಾಡಿಕೊಡಿ. ಆ ಕಾಲದ ಅಭಿರುಚಿಯ ಮೇಲೆ ಒಂದು ಅಧ್ಯಾಯ ಬರೆಯುವ ಆಸೆಯಿದೆ.

ನಿಮ್ಮ ವೋಕ್ಲೇರ್


ರೊಹೊವೀನ್, 20 ನವೆಂಬರ್ 1992

ಮಾನ್ಯ ಪ್ರೊಫೆಸರ್ ಅವರಿಗೆ,

ಕಲೆಗಳು ಹೊಗೆಮಸಿ. ಹೆಬ್ಬೆರಳ ಗುರುತು, 187 ಪುಟಗಳಲ್ಲಿ, ಎಲ್ಲವೂ ಬಲಗಡೆ ಕೆಳಮೂಲೆಯಲ್ಲಿ. ಅಗಲ 1.4 ಸೆಂಟಿಮೀಟರ್; ನನ್ನ ಹೆಬ್ಬೆರಳಿಗಿಂತ ಚಿಕ್ಕದು. ಹೊಲಿಗೆಯ ಸಂದಿಯಲ್ಲಿ ಬೂದಿ ಮತ್ತು ಬೀಚ್ ಎಂಬ ಕಾಡುಮರದ ಸಿಬಿರು ಸಿಕ್ಕಿವೆ. ಲಕೋಟೆಯಲ್ಲಿ ಹಾಕಿಟ್ಟಿದ್ದೇನೆ.

ಉಡುಪಿನ ವರ್ಣನೆ: ಇಲ್ಲ. ಬಣ್ಣಗಳು: ಇಲ್ಲ. ಯಾರ ಮುಖದ ವರ್ಣನೆಯೂ ಇಲ್ಲ. ಪಟ್ಟಿ ಮಾಡಲು ಏನೂ ಸಿಗದಿದ್ದರಿಂದ ಎರಡು ಸಲ ಓದಿದೆ.

ಕ್ವೇತಾ ಹ್ರಡಿಲೋವಾ
ತಾಂತ್ರಿಕ ನೆರವು


ರೊಹೊವೀನ್, 21 ನವೆಂಬರ್ 1992
(ಕಳಿಸಲಿಲ್ಲ)

ಪ್ರೊಫೆಸರ್ ಸಾಹೇಬರೇ,

ನಿನ್ನೆಯ ಪತ್ರ ಅಂಚೆಗೆ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಗ್ರಂಥಾಲಯದಲ್ಲಿ ಈಗ ಮೂರು ಡಿಗ್ರಿ. ಎರಡು ಜೊತೆ ಕಾಲುಚೀಲ ಹಾಕಿ, ಬೆರಳು ತೋರುವ ಕೈಗವಸು ಹಾಕಿ, ಮೊಣಕಾಲ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದೇನೆ. ನಿಮಗೆ ಹೊಟ್ಟೆಕಿಚ್ಚು ತಂದ ಕೆಲಸ ಇದು. ನೀವೆಲ್ಲ ಬರುವುದು ಬೇಸಿಗೆಯಲ್ಲಿ. ಅರಮನೆ ಪ್ರವಾಸಿಗರಿಗೆ ತೆರೆದಿರುವುದೂ ಆಗಲೇ.

ಆ ದಿನಚರಿ ಕಪಾಟಿನಲ್ಲಿ ಸಿಕ್ಕಿದ್ದಲ್ಲ. 1979ರಲ್ಲಿ ಚಿಮಣಿ ಗುಡಿಸುವವರು ಬಂದಾಗ, ಪಾಠದ ಕೋಣೆಯ ಗೋಡೆಯ ಹಿಂದಿನ ಓಣಿಯಲ್ಲಿ, ಒಂದು ಇಟ್ಟಿಗೆಯ ಗೂಡಿನಲ್ಲಿ ಸಿಕ್ಕಿತು. ಇಲ್ಲಿನ ಒಲೆಗಳಿಗೆ ಸೌದೆ ಹಾಕುವುದು ಕೋಣೆಯ ಒಳಗಿನಿಂದಲ್ಲ, ಹಿಂದಿನ ಆ ಕತ್ತಲೆ ಓಣಿಯಿಂದ. ದೊರೆಗಳ ಕಣ್ಣಿಗೆ ಆಳುಗಳು ಬೀಳಬಾರದಲ್ಲ. ಬೇಸಿಗೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಗೆ ಯಾರೂ ಬರುವುದಿಲ್ಲ. ದಿನಚರಿಯೂ ಇಲ್ಲ. ಬರೆದ ಜೀವ ಏಳು ಚಳಿಗಾಲ ಒಲೆಯ ಹಿಂದೆ ಕೂತು, ನಿಮ್ಮ ಪಾದ್ರಿಯ ಪಾಠ ಕೇಳಿ ಕೇಳಿ ಫ್ರೆಂಚ್ ಕಲಿಯಿತು. ಕಂಡದ್ದು ಏನೂ ಇಲ್ಲ, ಕೇಳಿದ್ದು ಮಾತ್ರ. ಆಗಿನ ಸೌದೆಯಾಳು ಮಾತೇಯ್‌ಗೆ ಬರೆಯಲು ಬರುತ್ತಿರಲಿಲ್ಲ, ಚರ್ಚಿನ ನಾಮಕರಣದ ಪುಸ್ತಕದಲ್ಲಿ ಸಹಿಯ ಬದಲು ಮೂರು ಸಲ ಶಿಲುಬೆ ಗೀಚಿದ್ದಾನೆ. ಅವನಿಗೆ ಮೂವರು ಹೆಣ್ಣುಮಕ್ಕಳು, ಮೂವರೂ ಊರ ಶಾಲೆಗೆ ಹೋದವರು. ಬರೆದವಳು ಅವರಲ್ಲೊಬ್ಬಳು.

ಇದನ್ನೆಲ್ಲ ಕಾರ್ಡಿನ ಹಿಂಬದಿಯಲ್ಲಿ ಬರೆದಿದ್ದೇನೆ. ನೀವು ನಾಲ್ಕು ಸಾವಿರ ಕಾರ್ಡುಗಳ ಮುಂಬದಿ ಮಾತ್ರ ಫೋಟೊಕಾಪಿ ಮಾಡಿಕೊಂಡಿರಿ. ನಾನು ಪಕ್ಕದಲ್ಲೇ ನಿಂತಿದ್ದೆ.

ಬೆಳಗ್ಗೆ ಅರಮನೆಯ ಉಸ್ತುವಾರಿ ಸೆಡ್ಲಾಕ್ ಒಣಗಿಸಿದ ಅಣಬೆ ತಂದುಕೊಟ್ಟು, ನನ್ನ ಮುಖ ನೋಡಿ ನಿಂತರು.

"ಡಾಕ್ಟ್ರಮ್ಮಾ, ಆ ಫ್ರೆಂಚ್‌ನೋರಿಗೆ ಹೇಳ್ಬಿಡಿ. ಒಳಗೇ ಇಟ್ಕೊಂಡ್ರೆ ನಿಮ್ಗೇ ಅಜೀರ್ಣ."

"ಕೇಳ್ಲಿ, ಹೇಳ್ತೀನಿ."

"ಅವ್ರು ಕೇಳೋದು ಬರೀ ಅಳತೆ."

"ಹಾಗಾದ್ರೆ ಅವ್ರಿಗೆ ಬರೀ ಅಳತೆ ಸಿಗುತ್ತೆ."

"ಅಲ್ಲಾ, ಆ ಹುಡುಗಿ ನಿಮ್ಗೇನ್ ಮಾಡಿದ್ಳು? ನಿಮ್ಮಿಬ್ರ ಬಿಗುಮಾನದಲ್ಲಿ ಅವಳ ಹೆಸರು ಹೋಗುತ್ತೆ ನೋಡಿ."

ಅಣಬೆಯನ್ನು ಡಬ್ಬಿಗೆ ಹಾಕಿದೆ. 1971ರಲ್ಲಿ, ಕಮ್ಯುನಿಸ್ಟ್ ಪಕ್ಷಕ್ಕೆ ಒಪ್ಪದವರನ್ನು ವಿಶ್ವವಿದ್ಯಾಲಯದಿಂದ ತೆಗೆಯುತ್ತಿದ್ದಾಗ, ಒಂದು ಸಮಿತಿಯ ಮುಂದೆ ನಿಂತು ನಾನು ವಿದ್ವಾಂಸಳು, ನನ್ನನ್ನು ಪಾಠ ಮಾಡಲು ಬಿಡಿ ಎಂದು ಬೇಡಿಕೊಂಡಿದ್ದೆ. ಅವರು ಬಿಡಲಿಲ್ಲ. ಇನ್ನು ಯಾರ ಮುಂದೂ ಹಾಗೆ ನಿಲ್ಲುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ. ನನ್ನನ್ನು ತಾಂತ್ರಿಕ ನೆರವು ಎಂದ ನಿಮ್ಮ ಪಟ್ಟಿ ನೋಡಿದಾಗ ಮತ್ತೆ ಆ ಸಮಿತಿಯ ಬಾಗಿಲ ಬಳಿ ನಿಂತಂತಾಯಿತು. ನನಗೆ ಬಹಳ ನೋವಾಗಿದೆ, ಪ್ರೊಫೆಸರ್. ಆದ್ದರಿಂದಲೇ ಈ ಪತ್ರವನ್ನು ಕಳಿಸುವುದಿಲ್ಲ.


ದಿಜೋನ್, 10 ಜನವರಿ 1993

ಪ್ರಿಯ ಶ್ರೀಮತಿ ಹ್ರಡಿಲೋವಾ,

ಹೊಸ ವರ್ಷದ ಮತ್ತು ಈ ಜನವರಿ ಒಂದಕ್ಕೆ ಬೇರೆಯಾದ ನಿಮ್ಮ ಹೊಸ ಚೆಕ್ ದೇಶದ ಶುಭಾಶಯ.

ನಿಮ್ಮ ಉತ್ತರ ನನಗೆ ಮೂರು ಅಧ್ಯಾಯ ಕೊಟ್ಟಿತು. ಬಣ್ಣವಿಲ್ಲ, ಉಡುಪಿಲ್ಲ, ಮುಖವಿಲ್ಲ. ನಾನು ಹುಡುಕುತ್ತಿದ್ದುದೇ ಇದು. ಪಾದ್ರಿ ಕೊರ್ದೆಲ್ ಕಣ್ಣಿನ ಸುಖವನ್ನೇ ತ್ಯಜಿಸಿದ ವಿರಕ್ತರು. ಮಸಿ ಎಂದರೆ ಬೆಂಕಿಯ ಹತ್ತಿರ ಕೂತು ಬರೆಯುತ್ತಿದ್ದರು ಎಂದಾಯಿತು. ಹೆಬ್ಬೆರಳು ಚಿಕ್ಕದು, ನಾಜೂಕು ಮನಸ್ಸಿಗೆ ನಾಜೂಕು ಕೈ.

ಪುಸ್ತಕ ಮಾರ್ಚಿನಲ್ಲಿ ಅಚ್ಚಿಗೆ ಹೋಗುತ್ತದೆ. ಮೇ 30ರಂದು ವಿಲೆರ್ಸೋ ಹಳ್ಳಿಯ ಸಭಾಂಗಣದ ಗೋಡೆಗೆ ಪಾದ್ರಿಗಳ ಹೆಸರಿನ ಕಲ್ಲು ಕೂರಿಸುತ್ತಾರೆ. ಮೇಯರ್ ಈಗಾಗಲೇ ಕೆತ್ತಲು ಕೊಟ್ಟಿದ್ದಾರೆ. ಪುಸ್ತಕದ ಕೊನೆಯ ಪುಟದಲ್ಲಿ ನಿಮ್ಮ ನೆರವನ್ನು ನೆನೆದಿದ್ದೇನೆ.

ವೋಕ್ಲೇರ್


ರೊಹೊವೀನ್, 22 ಜನವರಿ 1993

ಮಾನ್ಯ ಪ್ರೊಫೆಸರ್ ಅವರಿಗೆ,

ಅಂಚೆಯಲ್ಲಿ ಕಳಿಸಲಾಗದ ಒಂದು ಅಳತೆ ಉಳಿದಿದೆ. ಅದಿಲ್ಲದೆ ನಿಮ್ಮ ಪುಸ್ತಕ ತಪ್ಪಾಗುತ್ತದೆ ಎಂದು ತಾಂತ್ರಿಕ ನೆರವು ಹೇಳಬಹುದೆಂದು ಭಾವಿಸಿದ್ದೇನೆ. ಫೆಬ್ರವರಿ ಮುಗಿಯುವುದರೊಳಗೆ ಬನ್ನಿ. ಅರಮನೆ ಮುಚ್ಚಿರುತ್ತದೆ, ನಾನು ತೆರೆಸುತ್ತೇನೆ. ಉಣ್ಣೆಯ ಕಾಲುಚೀಲ ತನ್ನಿ. ಒಳ್ಳೆಯ ಕೋಟು ಬೇಡ.

ಕ್ವೇತಾ ಹ್ರಡಿಲೋವಾ


ರೊಹೊವೀನ್, 30 ಮಾರ್ಚ್ 1993

ಮಾನ್ಯ ಪ್ರೊಫೆಸರ್ ಅವರಿಗೆ,

ನಿಮ್ಮ ಎಡಗೈ ಗವಸು ಓಣಿಯಲ್ಲಿ ಬಿದ್ದಿತ್ತು. ತೊಳೆದಿದ್ದೇನೆ, ಮಸಿ ಪೂರ್ತಿ ಹೋಗಲಿಲ್ಲ. ಇದರೊಂದಿಗೆ ಕಳಿಸುತ್ತಿದ್ದೇನೆ.

ನೀವು ಬಂದು ಹೋಗಿ ಆರು ವಾರವಾಯಿತು. ಓಣಿಯಿಂದ ಹೊರಬಂದು, ಕಾರ್ಡನ್ನು ತಿರುಗಿಸಿ ಓದಿ, ಮೇಜಿನ ಮೇಲಿಟ್ಟು, ನನ್ನನ್ನು ರೈಲು ನಿಲ್ದಾಣಕ್ಕೆ ಬಿಡುವಿರಾ ಎಂದು ಸೆಡ್ಲಾಕ್ ಅವರನ್ನು ಕೇಳಿದಿರಿ. ಮಾಡಿಟ್ಟಿದ್ದ ಊಟ ಹಾಗೇ ಉಳಿಯಿತು. ಮೂರು ದಿನ ಸೆಡ್ಲಾಕ್ ಮತ್ತು ನಾನು ಬಾತುಕೋಳಿ ತಿಂದೆವು.

ಪುಸ್ತಕ ಅಚ್ಚಿಗೆ ಹೋಯಿತೇ ಎಂದು ಕೇಳುವುದಿಲ್ಲ. ಕ್ಷಮೆಯನ್ನೂ ಕೇಳುವುದಿಲ್ಲ. ಒಂದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಆಗಸ್ಟಿನಲ್ಲೇ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಸಿಟ್ಟು ನಿಮ್ಮ ಮೇಲಿತ್ತು, ದಂಡ ಆ ಹುಡುಗಿ ತೆರುತ್ತಿದ್ದಳು. ಅದು ನನ್ನ ತಪ್ಪು.

ಕ್ವೇತಾ ಹ್ರಡಿಲೋವಾ


ದಿಜೋನ್, 18 ಏಪ್ರಿಲ್ 1993

ಪ್ರಿಯ ಡಾಕ್ಟರ್ ಹ್ರಡಿಲೋವಾ,

ಕೈಗವಸು ತಲುಪಿತು. ತೊಳೆಯದೇ ಕಳಿಸಿದ್ದರೂ ಚೆನ್ನಾಗಿತ್ತು.

ಈ ಎರಡು ತಿಂಗಳು ನಿಮ್ಮ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ನಾಲ್ಕು ಪತ್ರ ಬರೆದು ನಾಲ್ಕನ್ನೂ ಹರಿದೆ. ಒಂದರಲ್ಲಿ ನೀವು ಹಳೆಯ ಸೇಡು ತೀರಿಸಿಕೊಳ್ಳುವವರು ಎಂದಿದ್ದೆ. ಇನ್ನೊಂದರಲ್ಲಿ ಮಸಿ, ಬೂದಿ, ಪೆನ್ಸಿಲ್ ಎಲ್ಲಕ್ಕೂ ಬೇರೆ ಬೇರೆ ವಿವರಣೆ ಕೊಟ್ಟು ಪಾದ್ರಿಗಳನ್ನು ಉಳಿಸಿದ್ದೆ. ಬಹಳ ಚೆಂದದ ಪತ್ರ ಅದು. ಓದಿ ಮುಗಿಸಿದಾಗ ನನಗೇ ನಾಚಿಕೆಯಾಯಿತು.

ಆ ದಿನ ನೀವು ಪಾಠದ ಕೋಣೆಯಲ್ಲಿ ಕೂತಿದ್ದಿರಿ. ಸೆಡ್ಲಾಕ್ ನನ್ನನ್ನು ಓಣಿಯೊಳಗೆ ಬಿಟ್ಟು, ಕೈಗೊಂದು ಸೌದೆ ಕೊಟ್ಟು, "ತಲೆ ತಗ್ಗಿಸ್ಕೊಳಿ" ಅಂದರು. ಅವರು ಅನ್ನುವಷ್ಟರಲ್ಲಿ ಹಣೆಗೆ ಪೆಟ್ಟಾಗಿತ್ತು. ಒಲೆಯ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ನೀವು 61ನೇ ಪುಟ ಓದತೊಡಗಿದಿರಿ. ದನಿ ಏರಿಸಲಿಲ್ಲ, ಆದರೂ ಒಂದಕ್ಷರ ತಪ್ಪಲಿಲ್ಲ. ಕುರ್ಚಿ ಕಿರುಗುಟ್ಟಿದ್ದು, ಪುಟ ಮಗುಚಿದ್ದು, ನೀವು ಕೆಮ್ಮಿದ್ದು, ಎಲ್ಲ ಕೇಳಿಸಿತು. ದಿನಚರಿಯಲ್ಲಿ ಇರುವುದೆಲ್ಲ ಅಷ್ಟೇ: ಕುರ್ಚಿ, ಪುಟ, ಕೆಮ್ಮು. ಆಗಲೇ ಗೊತ್ತಾಗಿಹೋಯಿತು. ಆದರೂ ಇಲ್ಲ ಇಲ್ಲ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗೋಡೆಯ ಆಚೆಯಿಂದ ನೀವು ಕೇಳಿದಿರಿ:

"ಪ್ರೊಫೆಸರ್, ನಾನು ಹೊದ್ದಿರೋ ಶಾಲು ಯಾವ ಬಣ್ಣ?"

ಓಣಿಯಲ್ಲಿದ್ದವನಿಗೆ ಗೊತ್ತಾಗುವುದಿಲ್ಲ, ನೀವು ಹೇಳಬೇಕೆಂದಿದ್ದು ಅದು. ಆದರೆ ಅಂದು ಬೆಳಗ್ಗೆ ನಿಮ್ಮ ಎದುರಿಗೇ ಕೂತು ಒಂದು ಗಂಟೆ ಕಾಫಿ ಕುಡಿದಿದ್ದೆ. ಆಗ ನೋಡಿದವನಿಗೆ ಗೊತ್ತಿರಬೇಕಿತ್ತು, ನನಗೆ ಗೊತ್ತಿರಲಿಲ್ಲ. ಆಗಸ್ಟಿನಲ್ಲೂ ಮೂರು ವಾರ ನಿಮ್ಮ ಪಕ್ಕದಲ್ಲೇ ಇದ್ದೆ. ಊಟಕ್ಕೂ ನಿಲ್ಲದೆ ನಿಲ್ದಾಣಕ್ಕೆ ಹೊರಟಿದ್ದು ಅದಕ್ಕೆ. ಪುಸ್ತಕ ಹೋಯಿತಲ್ಲ ಎಂಬ ದುಃಖವಿರಲಿಲ್ಲ ಅಂತಲ್ಲ. ಬೇಕಾದಷ್ಟಿತ್ತು. ಹನ್ನೊಂದು ವರ್ಷ, ಡಾಕ್ಟರ್.

ಕರಡಚ್ಚನ್ನು ವಾಪಸ್ ತರಿಸಿಕೊಂಡೆ. ಆಮೇಲೆ ವಿಲೆರ್ಸೋಗೆ ಹೋಗಿ ಮೇಯರ್‌ಗೆ ಹೇಳಿದೆ. ಆತ ದ್ರಾಕ್ಷಿ ತೋಟದವರು, ಬಳ್ಳಿ ಕಟ್ಟುತ್ತಿದ್ದರು.

"ಏನ್ ಮೇಷ್ಟ್ರೇ ಇದು? ಕಲ್ಲು ಕೆತ್ತಿ ಆಯ್ತಲ್ಲ. ಹಾಗಾದ್ರೆ ನಮ್ ಪಾದ್ರಿ ಅಲ್ಲಿ ಮಾಡಿದ್ದಾದ್ರೂ ಏನು?"

"ಪಾಠ ಮಾಡಿದ್ರು."

"ಚೆನ್ನಾಗ್ ಮಾಡ್ತಿದ್ರಾ?"

"ಗೋಡೆ ಹಿಂದೆ ಸೌದೆ ಹಾಕ್ತಿದ್ದ ಹುಡುಗಿ ಬರೀ ಕೇಳಿಸ್ಕೊಂಡೇ ಇನ್ನೂರ ಹದಿನಾಲ್ಕು ಪುಟ ಫ್ರೆಂಚ್ ಬರೆದಿದಾಳೆ."

ಮೇಯರ್ ಬಳ್ಳಿ ಬಿಟ್ಟು ನೆಟ್ಟಗೆ ನಿಂತರು. "ಅಂಥ ಮೇಷ್ಟ್ರು ಈಗ ಯಾವ ಊರಲ್ಲಿದಾರೆ ಹೇಳಿ. ಕಲ್ಲು ಇರ್ಲಿ. ಆ ಹುಡುಗಿಗೂ ಒಂದ್ ಮಾಡ್ಸೋಣ. ಹೆಸರೇನು?"

ಹೆಸರು ನನಗೆ ತಿಳಿಯದು, ನೀವು ಹೇಳಬೇಕು. ಮೂವರಲ್ಲಿ ಯಾರು?

ವಿನಿಮಯದ ಈ ವರ್ಷದ ಪಟ್ಟಿಯನ್ನು ಭರ್ತಿ ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ಸಂಶೋಧಕಿ: ಡಾ. ಕ್ವೇತಾ ಹ್ರಡಿಲೋವಾ, ರೊಹೊವೀನ್. ತಾಂತ್ರಿಕ ನೆರವು: ರೇಜಿಸ್ ವೋಕ್ಲೇರ್, ದಿಜೋನ್. ನಮ್ಮ ಕಚೇರಿಯವರು ಫೋನ್ ಮಾಡಿ, ಹೆಸರುಗಳು ಅದಲುಬದಲಾಗಿವೆಯಲ್ಲ ಎಂದು ಕೇಳಿದರು. ಅದಲುಬದಲಾಗಿದ್ದು ಕಳೆದ ವರ್ಷ ಎಂದೆ. ದಿನಚರಿಯನ್ನು ನೀವು ಸಂಪಾದಿಸಬೇಕು. ನಾನು ಹೇಳಿದ ಕೆಲಸ ಮಾಡುತ್ತೇನೆ. ಮೇ 30ರಂದು ವಿಲೆರ್ಸೋದಲ್ಲಿ ಉಪನ್ಯಾಸವೂ ನಿಮ್ಮದೇ. ಬರುತ್ತೀರಾ?

ಫ್ರೆಂಚ್ ಎಲ್ಲಿ ಕಲಿತಿರಿ ಎಂದು ಸೆಪ್ಟೆಂಬರಿನಲ್ಲಿ ಕೇಳಿದ್ದೆ. ಈಗ ಮತ್ತೆ ಕೇಳುತ್ತಿದ್ದೇನೆ, ಉತ್ತರ ಬೇಕೆಂದೇ.

ರೇಜಿಸ್ ವೋಕ್ಲೇರ್


ರೊಹೊವೀನ್, 3 ಮೇ 1993

ಪ್ರಿಯ ವೋಕ್ಲೇರ್ ಅವರಿಗೆ,

ಪಟ್ಟಿಗೆ ಸಹಿ ಹಾಕಿದ್ದೇನೆ. ಸೆಡ್ಲಾಕ್ ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಈ ನೆರವಿನೋರಿಗೆ ಸೌದೆ ಒಡೆಯಕ್ ಬರುತ್ತಾ ಕೇಳಿ" ಅಂದರು. ಅಕ್ಟೋಬರಿನಲ್ಲಿ ಕೆಲಸ ಶುರುವಾಗುತ್ತದೆ. ಬೇಸಿಗೆಯಲ್ಲಿ ಬರುವವರು ನಮಗೆ ಬೇಡ.

ಹೆಸರು ಗೊತ್ತಿಲ್ಲ. ಚರ್ಚಿನ ಪುಸ್ತಕವನ್ನು ಹದಿನಾಲ್ಕು ವರ್ಷದಲ್ಲಿ ಎಷ್ಟೋ ಸಲ ತೆರೆದಿದ್ದೇನೆ. ಮೂವರಲ್ಲಿ ಯಾರೆಂದು ಹೇಳಲು ಒಂದು ಆಧಾರವೂ ಸಿಕ್ಕಿಲ್ಲ. ನನಗೆ ನಡುವಿನವಳ ಮೇಲೆ ಒಲವಿದೆ, ಆದರೆ ಒಲವು ಆಧಾರವಲ್ಲ. ಗೆರೆ ಕಂಡಲ್ಲೆಲ್ಲ ಹೆಸರು ತುಂಬಿದರೆ ಏನಾಗುತ್ತದೆ ಎಂದು ನಾವಿಬ್ಬರೂ ನೋಡಿಯಾಗಿದೆ. ಕಲ್ಲಿನ ಮೇಲೆ 'ರೊಹೊವೀನ್ ಅರಮನೆಯ ಸೌದೆಯಾಳಿನ ಮಗಳು' ಎಂದು ಕೆತ್ತಿಸಿ. ಪುಸ್ತಕದ ಮೇಲೂ ಬರೆದವರ ಜಾಗದಲ್ಲಿ ಅದೇ ಇರಲಿ. ಪಾದ್ರಿಯ ಪಕ್ಕ ಅವಳು ನಿಲ್ಲುವುದಕ್ಕೆ ಅಷ್ಟು ಸಾಕು.

ನಿಮ್ಮ ಪ್ರಶ್ನೆಗೆ ಉತ್ತರ. ಬ್ರ್ನೋ ನಗರದಲ್ಲಿ ಕಲಿತೆ. ನನ್ನ ಮೇಷ್ಟರಲ್ಲಿ ಒಬ್ಬರೂ ಫ್ರಾನ್ಸ್ ಕಂಡವರಲ್ಲ. ಅಲ್ಲೇ ಎಂಟು ವರ್ಷ ಪಾಠವನ್ನೂ ಮಾಡಿದೆ. ನನ್ನನ್ನು ಹೊರಗೆ ಹಾಕಿದ ಮೇಲೆ ರೇಡಿಯೊ ಇತ್ತು. ನಿಮ್ಮ ಊರಿನ ಹವಾಮಾನ, ನಿಮ್ಮ ಮಂತ್ರಿಗಳ ಜಗಳ, ಯಾವುದೋ ನಾಟಕದಲ್ಲಿ ಬಾಗಿಲು ಹಾಕಿದ ಸದ್ದು, ಇಪ್ಪತ್ತೊಂದು ವರ್ಷ ಕಿವಿಗೊಟ್ಟು ಕೇಳಿದೆ. ಫ್ರಾನ್ಸ್ ಹೇಗಿದೆ ಎಂದು ನನಗೆ ಗೊತ್ತಿಲ್ಲ. ಅದರ ಸದ್ದು ಮಾತ್ರ ಗೊತ್ತು. ಗೋಡೆಯ ಗೂಡಿನಲ್ಲಿ ಆ ಪುಸ್ತಕ ಸಿಕ್ಕಿದ ದಿನ, ಮಸಿ ಮೆತ್ತಿದ ಮೊದಲ ಪುಟ ಓದಿ ನಾನು ಅತ್ತೆ. ಅವಳನ್ನು ಗುರುತು ಹಿಡಿಯಲು ನನಗೆ ಮಸಿಯ ಅಳತೆ ಬೇಕಾಗಿರಲಿಲ್ಲ. ಅದನ್ನೇನೂ ಕಾರ್ಡಿನಲ್ಲಿ ಬರೆಯಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಉಪನ್ಯಾಸಕ್ಕೆ ಬರುತ್ತೇನೆ. ಐವತ್ತೆಂಟು ವರ್ಷಕ್ಕೆ ಫ್ರಾನ್ಸ್ ಕಾಣುವುದು ಇದೇ ಮೊದಲ ಸಲ. ಇಪ್ಪತ್ತೊಂಬತ್ತರ ಮಧ್ಯಾಹ್ನ ಎರಡೂ ಹತ್ತಕ್ಕೆ ರೈಲು ದಿಜೋನ್ ತಲುಪುತ್ತದೆ. ಸಭಾಂಗಣದಲ್ಲಿ ಒಲೆ ಇದೆಯೇ ಎಂದು ಮೇಯರ್ ಅವರನ್ನು ಕೇಳಿ. ಇದ್ದರೆ, ಕುರ್ಚಿಯನ್ನು ಅದರ ಮುಂದೆ ಹಾಕಿಸಿ.

ಫೆಬ್ರವರಿಯಲ್ಲಿ ಹೊದ್ದಿದ್ದ ಶಾಲನ್ನೇ ಹೊದ್ದು ಬರುತ್ತೇನೆ. ಅದರ ಬಣ್ಣ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಈ ಸಲ ನೀವೇ ನೋಡಿ.

ಡಾ. ಕ್ವೇತಾ ಹ್ರಡಿಲೋವಾ
ಸಂಶೋಧಕಿ